ಉಳಿದ ಬೀಡಿಯೂ ಜೋಳಿಗೆಗೆ ಬೀಳಲಿ

ಕುಡಿತವು ಮನೆತನವನ್ನು ಮುರಿಯುವ ದುಶ್ಚಟವೆಂಬುದರಲ್ಲಿ ನಮ್ಮ ಸಮಾಜದಲ್ಲಿ ಎರಡು ಮಾತಿಲ್ಲ. ಹೊಲವನ್ನು ಅಡವಿಟ್ಟು, ಮಡದಿಯ ಮೈಮೇಲಿನ ಬಂಗಾರವನ್ನು ಮಾರಿ ಕುಡಿದವನು ಒಂದು ದಿನ ಮನಸ್ಸು ತಿರುಗಿ ಮದ್ಯವನ್ನು ತ್ಯಜಿಸಿದನೆಂದರೆ ಆ ಮನೆಗೆ ಹಬ್ಬವೇ ಬಂದಂತಾಗುತ್ತದೆ. ಹೆತ್ತ ತಾಯಿ ಶ್ರೀಮಠಕ್ಕೆ ಬಂದು ಗದ್ದುಗೆಗೆ ನಮಸ್ಕರಿಸುತ್ತಾಳೆ. ಮಡದಿ ಎಷ್ಟೋ ವರ್ಷಗಳ ಬಳಿಕ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾಳೆ. ಆದರೆ ಆ ಗೃಹಸ್ಥನ ಅಂಗಿಯ ಕಿಸೆಯಲ್ಲಿ ಬೀಡಿಯ ಕಟ್ಟು ಮಾತ್ರ ಹಾಗೆಯೇ ಉಳಿದಿರುತ್ತದೆ. ಮೊದಲು ದಿನಕ್ಕೊಂದು ಕಟ್ಟು ಸೇದುತ್ತಿದ್ದವನು ಮದ್ಯ ಬಿಟ್ಟ ಮೇಲೆ ಎರಡು ಕಟ್ಟು ಸೇದತೊಡಗುವುದೂ ಉಂಟು. ಮನೆಯವರನ್ನು ಕೇಳಿದರೆ, “ಅಷ್ಟು ದೊಡ್ಡ ಚಟವನ್ನೇ ಬಿಟ್ಟಿದ್ದಾರೆ ಬುದ್ಧೀ, ಇದೊಂದಿರಲಿ ಬಿಡಿ, ಇದನ್ನೂ ಕಿತ್ತುಕೊಂಡರೆ ಮತ್ತೆ ಕುಡಿಯಲು ಹೋದಾರು” ಎನ್ನುತ್ತಾರೆ.

ಈ ಮಾತಿನ ಹಿಂದೆ ಇರುವ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಕುಡುಕನ ಮನೆಯಲ್ಲಿ ಬದುಕಿದವರಿಗೆ ಮಾತ್ರ ಆ ಭಯದ ಆಳ ಗೊತ್ತು. ಆದರೂ ಈ ಕರುಣೆ ದಾರಿ ತಪ್ಪಿದ ಕರುಣೆಯೆಂದು ಹೇಳಬೇಕಾಗಿದೆ. ಮದ್ಯದಿಂದ ಉಳಿಸಿಕೊಂಡ ಜೀವವನ್ನು ಬೀಡಿಯ ಕೈಗೆ ಒಪ್ಪಿಸುವುದು ಉಳಿಸಿಕೊಂಡಂತಲ್ಲ. ಬೀಡಿಯನ್ನೂ ಬಿಡಿಸಬಹುದು, ಕ್ರಮವರಿತು ಬಿಡಿಸಿದರೆ ಅದು ಮದ್ಯತ್ಯಾಗದ ಸಂಕಲ್ಪಕ್ಕೆ ಬೆಂಬಲವೂ ಆದೀತು. ಆ ಕ್ರಮವನ್ನು ಸಮಾಜದ ಕುಟುಂಬಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಜೋಳಿಗೆಯ ಪರಂಪರೆ

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿದರು. ಜಂಗಮನ ಜೋಳಿಗೆ ಕಾಳು-ಕಡಿಗಾಗಿ ಇರುವುದು ವಾಡಿಕೆ. ಪೂಜ್ಯರು ಆ ಜೋಳಿಗೆಯಲ್ಲಿ ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತದೆ. ಆ ಜೋಳಿಗೆಯು ಮದ್ಯಕ್ಕೆ ಮಾತ್ರ ಬಾಯಿ ತೆರೆದುದಲ್ಲ. ಬೀಡಿ, ಸಿಗರೇಟು, ಗುಟಕಾಗಳಿಗೂ ಅದರಲ್ಲಿ ಸ್ಥಳವುಂಟು.

ಹನ್ನೆರಡನೆಯ ಶತಮಾನದ ಶರಣರಿಗೆ ಮದ್ಯದ ಹಾವಳಿ ತಿಳಿದಿತ್ತು. ಹೆಂಡ ಮಾರುವ ಕಾಯಕದಿಂದ ಬಂದ ಹೆಂಡದ ಮಾರಯ್ಯನು ಶರಣನಾಗಿ ವಚನಗಳನ್ನು ರಚಿಸಿದುದನ್ನು ನಾವೆಲ್ಲ ಬಲ್ಲೆವು. ಆದರೆ ತಂಬಾಕು ಅವರ ಕಾಲದಲ್ಲಿ ಈ ನಾಡಿನಲ್ಲಿ ಇರಲಿಲ್ಲ. ಅದು ಕಲ್ಯಾಣದ ಕ್ರಾಂತಿಯಾಗಿ ಕೆಲವು ಶತಮಾನಗಳು ಸಂದ ಮೇಲೆ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಬೆಳೆ. ಈಗ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯು ಬೀಡಿ ತಂಬಾಕಿನ ಪೇಟೆಯೆಂದೇ ಹೆಸರಾಗಿದೆ. ವಚನಗಳಲ್ಲಿ ಇದರ ಖಂಡನೆಯಿಲ್ಲವೆಂದು ಬೀಡಿಗೆ ವಿನಾಯಿತಿ ಕೇಳುವವರು ಈ ಇತಿಹಾಸವನ್ನು ನೆನೆಯಬೇಕು. ಕಾಯವನ್ನು ದೇಗುಲವೆಂದು ಬಗೆಯುವ ಧರ್ಮದಲ್ಲಿ ಆ ದೇಗುಲಕ್ಕೆ ಹೊಗೆ ಹಾಕುವ ವಸ್ತುವಿನ ಹೆಸರನ್ನು ಬೇರೆಯಾಗಿ ಹೇಳಬೇಕಾದ ಅಗತ್ಯವೇ ಇಲ್ಲ.

ಮದ್ಯ ಬಿಟ್ಟವರನ್ನು ಕೊಂದುದು ಯಾವುದು?

ಲೋಕದಾದ್ಯಂತ ಹರಡಿರುವ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಮದ್ಯಮುಕ್ತರ ಸಂಘವು 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ನರು 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲ. ಲಕ್ಷಾಂತರ ಕುಡುಕರಿಗೆ ದಾರಿ ತೋರಿದ ಆ ಮಹನೀಯರು ಧೂಮಪಾನವನ್ನು ಮಾತ್ರ ಬಹುಕಾಲ ಬಿಡದೆ ಹೋದರು. 1971ರ ಜನವರಿಯಲ್ಲಿ ಅವರು ತೀರಿಕೊಂಡುದು ಎಂಫಿಸೀಮಾ ಎಂಬ ಶ್ವಾಸಕೋಶದ ರೋಗದಿಂದ. ಮದ್ಯವನ್ನು ಗೆದ್ದವರನ್ನು ಹೊಗೆ ಗೆದ್ದಿತು.

ಇದು ಒಬ್ಬರ ಕಥೆಯಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮೇಯೊ ಕ್ಲಿನಿಕ್ಕಿನ ವೈದ್ಯರು, 1972ರಿಂದ 1983ರ ವರೆಗೆ ಮದ್ಯ ಮತ್ತಿತರ ವ್ಯಸನಗಳಿಗೆ ಚಿಕಿತ್ಸೆ ಪಡೆದ 845 ಜನರ ಮುಂದಿನ ಗತಿಯೇನಾಯಿತೆಂದು ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ 222 ಜನ ಮರಣಹೊಂದಿದ್ದರು. ಸಾವಿನ ಕಾರಣ ತಿಳಿದುಬಂದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ತಂಬಾಕಿಗೆ ಸಂಬಂಧಿಸಿದ ಕಾರಣಗಳಿಂದ ಸತ್ತಿದ್ದರು. ಮದ್ಯಕ್ಕೆ ಸಂಬಂಧಿಸಿದ ಕಾರಣಗಳಿಂದ ಸತ್ತವರು ಸುಮಾರು ಮೂರರಲ್ಲೊಂದು ಭಾಗ ಮಾತ್ರ. ‘ಇದೊಂದಿರಲಿ ಬಿಡಿ’ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಮದ್ಯ, ತಂಬಾಕುಗಳೆರಡನ್ನೂ ಕೂಡಿಸಿ ಸೇವಿಸಿದವರಿಗೆ ಬಾಯಿ ಹಾಗೂ ಗಂಟಲಿನ ಕ್ಯಾನ್ಸರಿನ ಅಪಾಯವು ಒಂದಕ್ಕೊಂದು ಕೂಡಿದಷ್ಟಲ್ಲ, ಒಂದಕ್ಕೊಂದು ಗುಣಿಸಿದಷ್ಟು ಹೆಚ್ಚುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಆ ಹಳೆಯ ಸಾಲ ಇನ್ನೂ ಇದೆ. ಬೀಡಿ ಅದರ ಮೇಲೆ ಬಡ್ಡಿ ಬೆಳೆಸುತ್ತದೆ.

ಮೊದಲು ಯಾವುದು, ಅನಂತರ ಯಾವುದು

ಇಲ್ಲಿ ಒಂದು ಎಚ್ಚರಿಕೆಯನ್ನು ಗೃಹಿಣಿಯರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡು ವ್ಯಸನಗಳನ್ನು ಬಿಟ್ಟಾಗ ಆಗುವ ಬಾಧೆ ಒಂದೇ ಬಗೆಯದಲ್ಲ. ಬಹುಕಾಲದಿಂದ ದಿನವೂ ಕುಡಿಯುತ್ತಿದ್ದವನು ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸುಗಳಲ್ಲಿ ಕೈನಡುಕ, ಬೆವರು, ವಾಕರಿಕೆಗಳು ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದುದನ್ನು ಕಾಣುವ, ದಿಕ್ಕು ತಿಳಿಯದ ಸನ್ನಿಯ ಸ್ಥಿತಿ ಒದಗಬಹುದು. ಇದು ಪ್ರಾಣಾಪಾಯದ ಸ್ಥಿತಿ. ಆದುದರಿಂದ ಮದ್ಯವನ್ನು ಬಿಡಿಸುವುದು ವೈದ್ಯರ ಸಮ್ಮುಖದಲ್ಲಿಯೇ ಆಗಬೇಕು. ಹರಕೆ ಹೊತ್ತು ಮನೆಯ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ.

ತಂಬಾಕಿನ ಬಾಧೆ ಹಾಗಲ್ಲ. ಅದು ಮನುಷ್ಯನನ್ನು ಸತಾಯಿಸುತ್ತದೆ, ಸಿಡಿಮಿಡಿಗೊಳಿಸುತ್ತದೆ, ನಿದ್ರೆ ಕೆಡಿಸುತ್ತದೆ. ಆದರೆ ಮದ್ಯದ ಬಾಧೆಯಂತೆ ಪ್ರಾಣಕ್ಕೆ ಎರವಾಗುವುದಿಲ್ಲ. ಅದು ಬರುತ್ತದೆ, ಏರುತ್ತದೆ, ಇಳಿಯುತ್ತದೆ.

ಹಾಗಾದರೆ ಎರಡನ್ನೂ ಕೂಡಿಯೇ ಬಿಡಬೇಕೆ, ಒಂದರ ನಂತರ ಒಂದನ್ನೆ? ವಿದ್ವಾಂಸರಲ್ಲಿ ಇದರ ಬಗೆಗೆ ಚರ್ಚೆ ನಡೆದಿದೆ. ವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ತಂಬಾಕು ಬಿಡಲು ನೆರವು ನೀಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ನೋಡಿದಾಗ, ಅಂಥ ನೆರವು ಪಡೆದವರು ಮದ್ಯ ಮತ್ತು ಮಾದಕ ವಸ್ತುಗಳಿಂದ ದೀರ್ಘಕಾಲ ದೂರವುಳಿಯುವ ಸಂಭವ ಶೇಕಡಾ 25ರಷ್ಟು ಹೆಚ್ಚಾಗಿದ್ದುದು ಕಂಡಿತು. ಅದೇ ವರ್ಷ ಪ್ರಕಟವಾದ, ಮಿನ್ನೆಸೋಟಾದ 499 ಜನರ ಇನ್ನೊಂದು ಅಧ್ಯಯನದಲ್ಲಿ, ತಂಬಾಕಿನ ಚಿಕಿತ್ಸೆಯನ್ನು ಆರು ತಿಂಗಳು ತಡೆದು ಕೊಟ್ಟವರು ಮದ್ಯದ ವಿಷಯದಲ್ಲಿ ತುಸು ಹೆಚ್ಚು ಗಟ್ಟಿಯಾಗಿ ನಿಂತರು. ಎರಡನ್ನೂ ತೂಗಿ ನೋಡಿದರೆ ನಮಗೆ ತೋರುವುದಿಷ್ಟು: ಮದ್ಯದ ಬಾಧೆ ಕಳೆದು, ಊಟ-ನಿದ್ರೆಗಳು ಒಂದು ಹದಕ್ಕೆ ಬಂದ ಮೇಲೆ, ಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳಿ ತಂಬಾಕನ್ನು ಬಿಡುವ ದಿನವನ್ನು ಗೊತ್ತುಮಾಡಬೇಕು. ಆ ದಿನ ಒಂದು ತಿಂಗಳಿಗೆ ಬರಲಿ, ನಾಲ್ಕು ತಿಂಗಳಿಗೆ ಬರಲಿ; ‘ಎಂದಾದರೊಂದು ದಿನ’ ಎಂದು ತೇಲಿಸುವುದು ಮಾತ್ರ ಸಲ್ಲದು.

ಶ್ರಾವಣ ಮಾಸವನ್ನು ಹಲವರು ಆರಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಶ್ರಾವಣದಲ್ಲಿ ಬಿಟ್ಟು ಭಾದ್ರಪದದಲ್ಲಿ ಮತ್ತೆ ಹಿಡಿಯುವುದಕ್ಕೆ ವ್ರತವೆನ್ನಲಾಗದು. ತಿಂಗಳ ಹೊರೆಯನ್ನು ಹೊತ್ತು ಇಳಿಸಿದಂತೆ ಎಣಿಸದೆ, ಶ್ರಾವಣವನ್ನು ಬಾಗಿಲಾಗಿ ಮಾಡಿಕೊಂಡು ಒಳಗೆ ನಡೆಯಬೇಕು.

ಬಾಧೆಯ ಪಂಚಾಂಗ

ಬೀಡಿಯ ಹೊಗೆ ಒಳಗೆ ಹೋದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅದರ ನಿಕೋಟಿನ್ ಎಂಬ ವಿಷವು ಮೆದುಳನ್ನು ಮುಟ್ಟುತ್ತದೆ. ಸುಮಾರು ಎರಡು ತಾಸುಗಳಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಆಗ ಮೆದುಳು ಮತ್ತೆ ಬೇಡುತ್ತದೆ. ಬೀಡಿ ಸೇದಿದರೆ ಮನಸ್ಸಿಗೆ ಸಮಾಧಾನವಾಗುತ್ತದೆಂದು ಹೇಳುವವರು, ಆ ಅಸಮಾಧಾನವನ್ನು ಹುಟ್ಟಿಸಿದುದೂ ಹಿಂದಿನ ಬೀಡಿಯೇ ಎಂಬುದನ್ನು ಗಮನಿಸಿರುವುದಿಲ್ಲ.

ಕೊನೆಯ ಬೀಡಿಯಾದ ಮೊದಲ ದಿನವೇ ಬಾಧೆ ತೊಡಗುತ್ತದೆ. ಎರಡನೆಯ, ಮೂರನೆಯ ದಿನ ಅದು ತುದಿಗೇರುತ್ತದೆ. ಸಿಟ್ಟು, ಚಡಪಡಿಕೆ, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಿರುವುದು, ಅರೆನಿದ್ರೆ, ಮಂಕು, ಹಸಿವು—ಇವು ಮುಖ್ಯ ಲಕ್ಷಣಗಳು. ಕೆಲವರಿಗೆ ಬಾಯಲ್ಲಿ ಹುಣ್ಣು, ಕೆಮ್ಮು ಕಾಣುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ತಗ್ಗುತ್ತದೆ. ಸೇದಬೇಕೆಂಬ ತೀವ್ರ ಬಯಕೆಯೂ ಒಂದೊಂದು ಸಲ ಕೆಲವೇ ನಿಮಿಷ ನಿಲ್ಲುವಂಥದು. ಅಲೆಯಂತೆ ಬಂದು ಹೋಗುತ್ತದೆ. ಆ ನಿಮಿಷಗಳನ್ನು ದಾಟಿಸುವುದೇ ಸಾಧನೆ.

ಬೆಳಿಗ್ಗೆ ಬೀಡಿ ಸೇದದಿದ್ದರೆ ಹೊಟ್ಟೆ ಸಾಫಾಗುವುದಿಲ್ಲವೆಂಬುದು ಹಳ್ಳಿಗಳಲ್ಲಿ ಸಾಮಾನ್ಯ ದೂರು. ಇದು ನೆಪವಲ್ಲ, ನಿಕೋಟಿನ್ನಿನ ಚೋದನೆಗೆ ಹೊಂದಿಕೊಂಡ ಕರುಳು ಕೆಲದಿನ ಮಂದವಾಗುತ್ತದೆ. ಎದ್ದೊಡನೆ ಬಿಸಿನೀರು, ಊಟದಲ್ಲಿ ಸೊಪ್ಪು-ಕಾಳುಗಳು, ಬೆಳಗಿನ ನಡಿಗೆ ಇವುಗಳಿಂದ ಅದು ಸರಿಹೋಗುತ್ತದೆ. ಮೊದಲ ವರ್ಷದಲ್ಲಿ ಮೈತೂಕ ನಾಲ್ಕೈದು ಕಿಲೋ ಏರಬಹುದು. ಅದಕ್ಕೆ ಅಂಜಬೇಕಾದುದಿಲ್ಲ.

ಇನ್ನು ಚಹಾದ ವಿಚಾರ. ಕುಡಿತ ಬಿಟ್ಟವರು ಚಹಾ-ಕಾಫಿಗಳನ್ನು ಬಹಳ ಹೆಚ್ಚಿಸಿಕೊಳ್ಳುವುದು ರೂಢಿ. ಬೀಡಿಯ ಹೊಗೆಯು ಯಕೃತ್ತನ್ನು ಕೆಣಕಿ ಕೆಫೀನನ್ನು ಬೇಗ ಕರಗಿಸುವಂತೆ ಮಾಡಿರುತ್ತದೆ. ಹೊಗೆ ನಿಂತ ಕೂಡಲೇ ಆ ವೇಗ ತಗ್ಗುತ್ತದೆ. ಮೊದಲಿನಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನು ಸುಮಾರು ಇಮ್ಮಡಿಯಾಗುತ್ತದೆ. ಎದೆ ಡವಡವಿಸುವುದು, ಕೈ ನಡುಗುವುದು, ರಾತ್ರಿ ಕಣ್ಣು ಮುಚ್ಚದಿರುವುದು ಎಷ್ಟೋ ಸಲ ಚಹಾದ ಫಲ. ‘ಬೀಡಿ ಬಿಟ್ಟುದರಿಂದ ಹೀಗಾಯಿತು’ ಎಂದು ಮತ್ತೆ ಬೀಡಿಗೆ ಕೈಹಾಕುವ ಬದಲು ಚಹಾವನ್ನು ಅರ್ಧಕ್ಕೆ ಇಳಿಸಬೇಕು. ಇದೇ ಕಾರಣದಿಂದ ಮಾನಸಿಕ ಕಾಯಿಲೆ, ಉಬ್ಬಸಗಳಿಗೆ ಕೊಡುವ ಕೆಲವು ಔಷಧಿಗಳ ಪ್ರಮಾಣವನ್ನೂ ವೈದ್ಯರು ಬದಲಿಸಬೇಕಾಗಬಹುದು. ತಂಬಾಕು ಬಿಡುವ ಮುನ್ನ ಅವರಿಗೆ ತಿಳಿಸುವುದು ಅವಶ್ಯ.

ಔಷಧಿಯ ನೆರವು ಅವಮಾನವಲ್ಲ

ಮನೋಬಲವಿದ್ದವನಿಗೆ ಔಷಧಿಯೇಕೆ ಎಂದು ಕೆಲವರು ಕೇಳುತ್ತಾರೆ. ಮುರಿದ ಕಾಲಿಗೆ ಊರುಗೋಲು ಹಿಡಿದರೆ ಯಾರೂ ಹೀಗಳೆಯುವುದಿಲ್ಲ. ನಿಕೋಟಿನ್ ಗಮ್ಮು ಎರಡು ಮತ್ತು ನಾಲ್ಕು ಮಿಲಿಗ್ರಾಮುಗಳಲ್ಲಿ ದೊರೆಯುತ್ತದೆ. ಅದನ್ನು ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಅಗಿಯುತ್ತಲೇ ಇರಬಾರದು. ನಿಧಾನವಾಗಿ ಅಗಿದು, ಬಾಯಲ್ಲಿ ಚುರುಗುಟ್ಟಿದಾಗ ಕೆನ್ನೆಯ ಒಳಬದಿಗೆ ಒತ್ತಿಟ್ಟು, ಚುರುಕು ತಗ್ಗಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ತಾಸು. ಅದಕ್ಕೆ ಹದಿನೈದು ನಿಮಿಷ ಮೊದಲು ಚಹಾ, ಕಾಫಿ, ಹುಳಿ ಪಾನೀಯಗಳನ್ನು ಸೇವಿಸಬಾರದು. ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿಗಳೂ, ವರೆನಿಕ್ಲಿನ್ ಮೊದಲಾದ ಗುಳಿಗೆಗಳೂ ವೈದ್ಯರ ಬಳಿ ಇವೆ. ಬುಪ್ರೊಪಿಯಾನ್ ಎಂಬ ಗುಳಿಗೆಯನ್ನು ಮಾತ್ರ ಮದ್ಯವನ್ನು ಆಗತಾನೇ ಥಟ್ಟನೆ ನಿಲ್ಲಿಸಿದವರು ತೆಗೆದುಕೊಳ್ಳಬಾರದು, ಫಿಟ್ಸಿನ ಅಪಾಯವಿದೆ. ನೆರೆಯವರಿಗೆ ಗುಣವಾಯಿತೆಂದು ಅವರ ಚೀಟಿ ತೋರಿಸಿ ಔಷಧಿ ತರುವುದು ಆದುದರಿಂದ ಸರಿಯಲ್ಲ.

ಬೀಡಿಗೆ ಬದಲಾಗಿ ಗುಟಕಾ ಅಥವಾ ತಂಬಾಕಿನ ಎಲೆಯಡಿಕೆ ಹಿಡಿಯುವುದು ಒಂದು ಸೆರೆಯಿಂದ ಇನ್ನೊಂದು ಸೆರೆಗೆ ಹೋದಂತೆ. ಬರಿಯ ಅಡಿಕೆಯನ್ನೂ 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಕ್ಯಾನ್ಸರ್‌ಕಾರಕವೆಂದು ಸಾರಿದೆ. ಬಾಯಿಗೆ ಏನಾದರೂ ಬೇಕೆನಿಸಿದರೆ ಏಲಕ್ಕಿ, ಲವಂಗ, ಬಡೇಸೋಪು, ಒಂದು ಹಿಡಿ ಪುಠಾಣಿ, ಒಂದು ಲೋಟ ಮಜ್ಜಿಗೆ ಸಾಕು.

ಕರತಲದ ಕೆಲಸ

ಎದ್ದು ಅರ್ಧ ತಾಸಿನೊಳಗೆ ಮೊದಲ ಬೀಡಿ ಹಚ್ಚುವವನ ಚಟ ಗಟ್ಟಿಯಾದುದೆಂದು ವೈದ್ಯರು ಅಳೆಯುತ್ತಾರೆ. ನಮ್ಮ ಧರ್ಮದಲ್ಲಿ ಆ ಅರ್ಧ ತಾಸಿಗೆ ಬೇರೆಯ ಕೆಲಸವನ್ನು ಮೊದಲೇ ಇಟ್ಟಿದ್ದಾರೆ. ಸ್ನಾನ, ವಿಭೂತಿ ಧಾರಣ, ಕರತಲದಲ್ಲಿ ಇಷ್ಟಲಿಂಗವನ್ನು ಇರಿಸಿ ಅನಿಮಿಷ ದೃಷ್ಟಿಯಿಂದ ನೋಡುವ ಪೂಜೆ. ಲಿಂಗವನ್ನು ಹಿಡಿದ ಕೈಗೆ ಆ ಹೊತ್ತಿನಲ್ಲಿ ಬೀಡಿ ಹಿಡಿಯಲು ಎಡೆಯಿಲ್ಲ. ಮೊದಲ ವಾರ ಮನಸ್ಸು ನಿಲ್ಲದು. ತಾಸುಗಟ್ಟಲೆ ಕೂಡಲು ಹೋಗಿ ಬೇಸರಪಡಬಾರದು. ಹತ್ತು ನಿಮಿಷ ಕುಳಿತರೆ ಸಾಕು. ಬಯಕೆಯ ಅಲೆ ಎದ್ದಾಗಲೊಮ್ಮೆ ನಿಧಾನವಾಗಿ ಉಸಿರೆಳೆದು ಬಿಡುತ್ತ ಮಂತ್ರವನ್ನು ನೆನೆದರೆ ಆ ಕೆಲವು ನಿಮಿಷಗಳು ಕಳೆದಿರುತ್ತವೆ. ಪೂಜೆಯು ಔಷಧಿಗೆ ಬದಲಲ್ಲ. ಔಷಧಿಯೂ ಪೂಜೆಗೆ ಬದಲಲ್ಲ.

ಸಂಜೆಯ ಹೊತ್ತು ಇನ್ನೂ ಕಠಿಣ. ಕುಡಿತದ ಹೊತ್ತೂ ಅದೇ, ಬೀಡಿಯ ಹೊತ್ತೂ ಅದೇ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಕೂಡಿದಾಗ ಬಿಟ್ಟ ಚಟ ಮರಳಿ ಬಾಗಿಲು ತಟ್ಟುತ್ತದೆಂಬುದು ವ್ಯಸನಮುಕ್ತರ ಅನುಭವ. ಆದುದರಿಂದ ಹೊಲದಿಂದಲೋ ಕಚೇರಿಯಿಂದಲೋ ಬಂದೊಡನೆ ಹೊಟ್ಟೆಗೆ ಏನಾದರೂ ಕೊಡಬೇಕು. ಮಠದ ದಾಸೋಹದಲ್ಲಿ ಬಡಿಸುವ, ಪಾತ್ರೆ ತೊಳೆಯುವ ಸೇವೆಗೆ ಹೋದರೆ ಕೈಗೂ ಕೆಲಸ, ಮನಸ್ಸಿಗೂ ಸಂಗ.

ಮನೆಯವರ ಪಾಲು

ಬಿಡುವ ದಿನದ ಹಿಂದಿನ ರಾತ್ರಿ ಮನೆಯಲ್ಲಿಯ ಬೀಡಿ, ಲೈಟರುಗಳನ್ನು ತೆಗೆದುಹಾಕಿರಿ. ದೀಪ ಹಚ್ಚುವ ಕಡ್ಡಿಪೆಟ್ಟಿಗೆ ಗೃಹಿಣಿಯ ಬಳಿ ಇರಲಿ. ಮಗನನ್ನು ಬೀಡಿ ತರಲು ಅಂಗಡಿಗೆ ಅಟ್ಟುವ ಪದ್ಧತಿ ಇಂದಿಗೇ ನಿಲ್ಲಲಿ. 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು 2003ರ ಕಾಯಿದೆಯೇ ನಿಷೇಧಿಸಿದೆ.

ಮೂರನೆಯ ದಿನ ಯಜಮಾನರು ತಾಟನ್ನು ನೂಕಿ ಎದ್ದು ಹೋದರೆ, “ಮತ್ತೆ ಕುಡಿದು ಬಂದಿರೇನು?” ಎಂಬ ಮಾತು ಬಾಯಿಂದ ಬರದಿರಲಿ. ಕಷ್ಟಪಟ್ಟು ನಿಂತವನಿಗೆ ಆ ಸಂಶಯದಷ್ಟು ನೋವು ಬೇರೊಂದಿಲ್ಲ. ಹೇಗೂ ನಂಬುವುದಿಲ್ಲವೆಂದು ಆತ ನಿಜವಾಗಿಯೂ ಹೆಂಡದಂಗಡಿಯ ಹಾದಿ ಹಿಡಿದಾನು. ಇದು ಮೂರನೆಯ ದಿನವೆಂದು ಪಂಚಾಂಗ ನೋಡಿದಂತೆ ಎಣಿಸಿಕೊಳ್ಳಿರಿ. ಹಾಗೆಂದು ಹೊಡೆತ-ಬಡಿತವನ್ನು ಸಹಿಸಬೇಕೆಂದು ನಾವು ಹೇಳುವುದಿಲ್ಲ. ಸಿಟ್ಟು ಲಕ್ಷಣವಾಗಿರಬಹುದು, ಕೈಯೆತ್ತುವುದಕ್ಕೆ ಅದು ಪರವಾನಿಗೆಯಲ್ಲ. ಮಂಕು ಎರಡು ವಾರ ಮೀರಿ ಉಳಿದರೆ, ಬದುಕು ಬೇಡವೆಂಬ ಮಾತು ಬಂದರೆ, ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಒಂದು ಬೀಡಿ, ಒಂದು ಬಾಟಲಿ

ಕೊನೆಯದಾಗಿ ಬಹುಮುಖ್ಯವಾದ ಮಾತು. ಭಕ್ತಿವಂತರಾದ ನಮ್ಮ ಜನರಲ್ಲಿ ವ್ರತಭಂಗದ ಅಂಜಿಕೆ ಬಲವಾದುದು. ಗದ್ದುಗೆಯ ಮುಂದೆ ಆಣೆ ಮಾಡಿ ಮದ್ಯ, ಬೀಡಿಗಳೆರಡನ್ನೂ ಒಂದೇ ಸಂಕಲ್ಪದಲ್ಲಿ ಕಟ್ಟಿದವನು ಎಂದಾದರೊಮ್ಮೆ ಗೆಳೆಯರ ಒತ್ತಾಯಕ್ಕೆ ಒಂದು ಬೀಡಿ ಸೇದಿದನೆನ್ನಿ. “ಆಣೆ ಮುರಿದೇ ಹೋಯಿತು, ಇನ್ನು ಉಳಿದುದೇನು?” ಎಂದು ಅಂದೇ ಸಂಜೆ ಬಾಟಲಿಗೆ ಕೈಹಾಕುತ್ತಾನೆ. ಒಂದು ಬೀಡಿಯ ತಪ್ಪು ಒಂದು ಮನೆತನವನ್ನು ಮತ್ತೆ ಬೀದಿಗೆ ತರುವುದು ಹೀಗೆ.

ಆದುದರಿಂದ ಮದ್ಯದ ಸಂಕಲ್ಪ ಬೇರೆ, ತಂಬಾಕಿನ ಸಂಕಲ್ಪ ಬೇರೆಯಾಗಿರಲಿ. ಒಂದರ ಗಂಟು ಸಡಿಲಿದರೆ ಇನ್ನೊಂದರ ಗಂಟನ್ನು ಮುಟ್ಟಬಾರದು. ಬೀಡಿ ಸೇದಿದವನು ಅಂದೇ ಮನೆಯವರಿಗೆ ಹೇಳಲಿ. ಮನೆಯವರು ಬೈಯದೆ ಕೇಳಲಿ. ಯಾವ ಹೊತ್ತು, ಯಾವ ಸಂಗ, ಯಾವ ದುಃಖ ತನ್ನನ್ನು ಎಳೆಯಿತೆಂದು ನೋಡಿಕೊಂಡು ಮರುದಿನ ಬೆಳಿಗ್ಗೆ ಮತ್ತೆ ಮೊದಲ ದಿನವೆಂದು ಎಣಿಸಲಿ. ಹಲವು ಸಲ ಯತ್ನಿಸಿದ ಮೇಲೆಯೇ ಬಹುಮಂದಿಗೆ ತಂಬಾಕು ಬಿಟ್ಟುಹೋಗುತ್ತದೆ. ಮುಗ್ಗರಿಸಿದ ಮಾತ್ರಕ್ಕೆ ಗುರು ಕೈಬಿಡುವುದಿಲ್ಲ, ಲಿಂಗ ದೂರವಾಗುವುದಿಲ್ಲ.

ತಂಬಾಕು ಬಿಡಲು ಬಯಸುವವರಿಗೆ ಭಾರತ ಸರಕಾರವು 2016ರಲ್ಲಿ ಉಚಿತ ದೂರವಾಣಿ ಸೇವೆಯನ್ನು ತೊಡಗಿದೆ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇದರಲ್ಲಿ ಸೇರಿದ್ದು, ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಸಂಖ್ಯೆ 1800-11-2356. ಮನಸ್ಸಿನ ದುಗುಡಕ್ಕೆ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯೂ ಹತ್ತಿರದಲ್ಲಿದೆ.

ಬೀಡಿ ನಿಂತ ಒಂದೆರಡು ದಿನಗಳಲ್ಲಿಯೇ ರಕ್ತದಲ್ಲಿಯ ವಿಷಾನಿಲ ಇಳಿದುಹೋಗುತ್ತದೆ. ಒಂದು ವರ್ಷ ಕಳೆದರೆ ಹೃದ್ರೋಗದ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಮದ್ಯ ಬಿಟ್ಟ ಬಂಧುಗಳೇ, ನೀವು ಹೆಚ್ಚಿನ ಕಷ್ಟವನ್ನು ಆಗಲೇ ದಾಟಿ ಬಂದವರು. ಬಾಧೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ಬೇರೆಯವರಿಗೆ ಇಲ್ಲದ ಆ ಅನುಭವ ನಿಮ್ಮ ಕೈಯಲ್ಲಿದೆ. ಕಿಸೆಯಲ್ಲಿ ಉಳಿದ ಆ ಕಟ್ಟನ್ನೂ ಜೋಳಿಗೆಗೆ ಹಾಕಿರಿ. ಮಡದಿ-ಮಕ್ಕಳಿಗೆ ನೀವು ಮರಳಿ ಬಂದುದು ಪೂರ್ಣವಾಗಲಿ. ಶರಣು ಶರಣಾರ್ಥಿ.